ಮೈಕಮ್ಮ ಕೇಳಿಸಿಕೊಂಡ ಗೂಬೆ

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಮೂವತ್ತು ವರ್ಷ "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎನ್ನುತ್ತಾ ಬಂದ ಹೆಂಗಸನ್ನು ಜನ ಮೈಕಮ್ಮ ಎನ್ನದೆ ಇನ್ನೇನೆಂದಾರು? ಕೆಲಸದಲ್ಲಿ ಅವಳಿಗೆ ಮೈಕು ಕೊಟ್ಟಿದ್ದರು, ಮನೆಯಲ್ಲಿ ಅದರ ಅಗತ್ಯ ಬೀಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅವಳು ಉಪ್ಪು ಮುಗೀತು ಎಂದರೆ ಬೀದಿ ಮೂಲೆಯ ಅಂಗಡಿಯವನು ಪೊಟ್ಟಣ ತೆಗೆದಿಡುತ್ತಿದ್ದ ಎಂದು ಅವಳ ನಾದಿನಿ ಹೇಳುವುದುಂಟು. ನಾದಿನಿಯ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ಸುಳ್ಳಲ್ಲ.

ಗಂಡ ಇದಕ್ಕೆ ತದ್ವಿರುದ್ಧ. ನಿಲ್ದಾಣದ ಎದುರಿಗೆ, ಬಾಗಿಲಿನಷ್ಟೇ ಅಗಲದ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ದಿನವಿಡೀ ಟಿಕ್ ಟಿಕ್ ಕೇಳುವವನಿಗೆ ಕಿವಿ ಚುರುಕು, ಬಾಯಿ ಮಂದ. ಹೆಂಡತಿ ಹತ್ತು ಮಾತಾಡಿದರೆ ಈತ ಒಂದು ಸಲ "ಹ್ಞೂಂ" ಅನ್ನುತ್ತಿದ್ದ, ಅಷ್ಟರಲ್ಲೇ ಸಂಸಾರ ಸರಾಗವಾಗಿ ಸಾಗಿತ್ತು. ಜಗಳ ಅಂತ ಇದ್ದದ್ದು ಒಂದೇ ವಿಷಯಕ್ಕೆ. ಅವಳು ಗೊರಕೆ ಹೊಡೆಯುತ್ತಾಳೆ ಎಂದು ಆತ, ತನ್ನ ಜನ್ಮದಲ್ಲೇ ಹೊಡೆದಿಲ್ಲ ಎಂದು ಅವಳು. ಮದುವೆಯಾದ ಮಾರನೇ ವಾರ ಹುಟ್ಟಿದ ವ್ಯಾಜ್ಯ ಅದು. ಮಗಳನ್ನು ಸಾಕ್ಷಿಗೆ ಕರೆದರೆ ಅವಳು ಜಾಣೆ, ಮಲಗಿದರೆ ತನಗೆ ಎಚ್ಚರವೇ ಇರುವುದಿಲ್ಲ ಎಂದು ಜಾರಿಕೊಂಡಳು. ತೀರ್ಪಿಲ್ಲದೆ ಕೇಸು ಹಾಗೇ ಉಳಿಯಿತು.

ನಿವೃತ್ತಿಯ ದಿನ ಮೈಕಮ್ಮನಿಗೆ ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟರು. ಗಡಿಯಾರ ರಿಪೇರಿಯವನ ಹೆಂಡತಿಗೆ ಗಡಿಯಾರ ಕೊಡಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಅದನ್ನು ಗೋಡೆಗೆ ಹಾಕಿದ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಅದೊಂದೇ ಆಯಿತು. ಕೇಳುವವರಿಲ್ಲದ ಮೇಲೆ ಅವಳ ಮಾತು ತಾನಾಗಿಯೇ ಇಳಿಯಿತು. ಮಧ್ಯಾಹ್ನ ಕಿಟಕಿಯ ಬಳಿ ಕೂತರೆ ನಿಲ್ದಾಣದಿಂದ ತನ್ನ ಜಾಗಕ್ಕೆ ಬಂದಿದ್ದ ಕಂಪ್ಯೂಟರಿನ ಧ್ವನಿ ತೇಲಿ ಬರುತ್ತಿತ್ತು. ಇಷ್ಟು ವರ್ಷ ತಾನು ಹೇಳಿದ್ದೇ ಹೇಳಿದ್ದು, ಕೇಳಿಸಿಕೊಂಡದ್ದು ಏನು ಎಂಬ ಯೋಚನೆ ಅವಳಿಗೆ ಬಂದದ್ದು ಆಗ. ಹುಡುಕಿದರೆ ಉತ್ತರ ಸಿಗಲಿಲ್ಲ, ನಿಜವಾಗಿಯೂ ದುಃಖವಾಯಿತು.

ಆ ವಾರವೇ ಗ್ರಂಥಾಲಯದ ಫಲಕದಲ್ಲಿ ಒಂದು ಚೀಟಿ ಕಂಡಿತು. ದೂರದ ಕಾಡಿನಲ್ಲಿ ಗೂಬೆಗಳ ಸಮೀಕ್ಷೆಗೆ ಸ್ವಯಂಸೇವಕ ಇಂಟರ್ನ್‌ಗಳು ಬೇಕಾಗಿದ್ದಾರೆ, ಒಳ್ಳೆಯ ಕಿವಿಯೂ ಸುಮ್ಮನೆ ಕೂರುವ ಅಭ್ಯಾಸವೂ ಇರಬೇಕು ಎಂದು ಬರೆದಿತ್ತು. ವಯಸ್ಸಿನ ಸುದ್ದಿಯೇ ಇರಲಿಲ್ಲ. ಕಿವಿ ಹೇಗೂ ಇದೆ, ಸುಮ್ಮನೆ ಕೂರುವುದನ್ನು ಹೋದ ಮೇಲೆ ಕಲಿತರಾಯಿತು ಎಂದುಕೊಂಡು ಮೈಕಮ್ಮ ಅರ್ಜಿ ಹಾಕಿಯೇ ಬಿಟ್ಟಳು. ಒಪ್ಪಿಗೆ ಬಂದಾಗ ಮನೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಗೂಬೆ ನೋಡೋಕೆ ಕಾಡಿಗ್ಯಾಕೆ ಹೋಗ್ಬೇಕು ಅತ್ತಿಗೆ, ಮನೇಲಿ ಕನ್ನಡಿ ಇಲ್ವಾ?" ಎಂದಳು ನಾದಿನಿ. ಮೊದಲ ವಾರದ ಜೀಪಿನಲ್ಲೇ ವಾಪಸು ಕಳಿಸುತ್ತಾರೆ ನೋಡ್ತಿರಿ ಎಂದೂ ಸೇರಿಸಿದಳು. ಗಂಡ ಮಾತ್ರ ನಗಲಿಲ್ಲ, ಸ್ವೆಟರ್ ಇಟ್ಕೋ ಎಂದಷ್ಟೇ ಹೇಳಿದ. ಶಿಬಿರ ತಲುಪಿ ಆ ಸ್ವೆಟರ್ ಬಿಡಿಸಿದರೆ ಮಡಿಕೆಯೊಳಗಿಂದ ಒಂದು ತಗಡಿನ ಡಬ್ಬಿ ಬಿತ್ತು. ಅದರಲ್ಲಿ ಆತನ ಹಳೆಯ ಚಿಮಟ, ಜೊತೆಗೆ ಒಂದು ಭೂತಗನ್ನಡಿ. ಯಾಕೆ ಇಟ್ಟಿದ್ದಾನೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಶಿಬಿರ ಎಂದರೆ ತೊರೆಯ ದಡದಲ್ಲಿ ಮೂರು ಡೇರೆ, ಒಂದು ಮಡಚುವ ಮೇಜು. ಸ್ವಲ್ಪ ಮೇಲೆ, ಬಂಡೆಗಳ ಕಣಿವೆಯ ಅಂಚಿನಲ್ಲಿ, ಯಾವುದೋ ಕಾಲದ ಕಾವಲುಗಾರನ ಒಂಟಿ ಕಲ್ಲುಮನೆ. ಜನ ಮೈಕಮ್ಮನನ್ನೂ ಸೇರಿಸಿ ನಾಲ್ಕೇ. ಸಮೀಕ್ಷೆಯ ಮುಖ್ಯಸ್ಥೆ ಮಗಳ ವಯಸ್ಸಿನವಳು, ಎಲ್ಲರ ಬಾಯಲ್ಲೂ ಗೂಬೆ ಮೇಡಂ. ಇನ್ನಿಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಎಣ್ಣೆ ಸೀಗೆಕಾಯಿ ಸಂಬಂಧ. ಡೇರೆಯೊಳಕ್ಕೆ ತೆವಳಿಕೊಂಡು ಹೋಗಲು ಮೈಕಮ್ಮನ ಮಂಡಿ ಒಪ್ಪಲಿಲ್ಲವಾಗಿ ಎರಡನೇ ದಿನವೇ ಅವಳನ್ನು ಕಲ್ಲುಮನೆಗೆ ಸಾಗಿಸಿದರು. ಅಲ್ಲಿ ಒಂದು ಮಂಚ, ಒಂದು ಕಬ್ಬಿಣದ ಒಲೆ, ಒಲೆಯಿಂದ ಮಾಡಿನಾಚೆಗೆ ಹೋಗುವ ತಗಡಿನ ಹೊಗೆಕೊಳವೆ. ಅರಮನೆ ಸಿಕ್ಕಷ್ಟು ಖುಷಿಯಾಯಿತು ಅವಳಿಗೆ.

ಕೆಲಸ ಎರಡು ಬಗೆಯದು. ಸಂಜೆ ಹೊತ್ತು ಮುಳುಗುವಾಗ ಗೊತ್ತಾದ ಜಾಗದಲ್ಲಿ ತುಟಿ ಪಿಟಿಕ್ಕೆನ್ನದೆ ಕೂತು, ಯಾವ ಗೂಬೆ ಯಾವ ಕಡೆಯಿಂದ ಕೂಗಿತು ಎಂದು ದಿಕ್ಸೂಚಿ ನೋಡಿ ಬರೆದುಕೊಳ್ಳಬೇಕು. ಮೊದಲ ಸಂಜೆ ಪುಟ್ಟ ಗೂಬೆಯೊಂದು ಹತ್ತಿರದ ಕೊಂಬೆಗೆ ಬಂದು ಕೂಗಿದ್ದೇ ತಡ, ಮೈಕಮ್ಮನ ಬಾಯಿಂದ ಅಭ್ಯಾಸಬಲದಿಂದ "ಧನ್ಯವಾದಗಳು" ಎಂಬುದು ನಿಲ್ದಾಣದ ಮಟ್ಟದಲ್ಲೇ ಹೊರಬಿತ್ತು. ಆ ಗೂಬೆ ಮತ್ತೆ ಮೂರು ದಿನ ಆ ಕಡೆ ಸುಳಿಯಲಿಲ್ಲ. ಮೇಡಂ ಬಯ್ಯಲಿಲ್ಲ, ಮಾರನೇ ದಿನದಿಂದ ಮೈಕಮ್ಮನ ಕೈಗೆ ದೊಡ್ಡ ಗಾತ್ರದ ಪೆಪ್ಪರ್‌ಮಿಂಟು ಕೊಟ್ಟು, ಇದು ಕರಗುವ ತನಕ ಬಾಯಿ ತೆಗೆಯಬಾರದು ಎಂದು ಕರಾರು ಮಾಡಿಕೊಂಡಳು.

ಎರಡನೆಯದು ಹಗಲಿನ ಕೆಲಸ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಹೊರಗೆ ಉಗುಳುತ್ತದೆ. ಬಂಡೆಗಳ ಕೆಳಗೆ ಬಿದ್ದ ಆ ಉಂಡೆಗಳನ್ನು ಆರಿಸಿ ತಂದು, ಒಣಗಿಸಿ, ಒಳಗಿನ ಮೂಳೆಗಳನ್ನು ಬಿಡಿಸಿ ನೋಡಬೇಕು. ಗಂಡನ ಚಿಮಟ ಯಾಕೆ ಬಂದಿತ್ತು ಎಂಬುದು ಆಗ ತಿಳಿಯಿತು. ಆ ಮನುಷ್ಯ ಬಾಯಿಬಿಟ್ಟು ಒಂದು ಮಾತು ಕೇಳದೆ ಗೂಬೆಯ ವಿಷಯವನ್ನೆಲ್ಲ ಎಲ್ಲಿಯೋ ಓದಿಕೊಂಡಿದ್ದ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಇಲಿಯ ದವಡೆ ಬಿಡಿಸುತ್ತಾ ಮೈಕಮ್ಮ ಅಂಗಡಿಯಲ್ಲಿ ಕೂತ ಗಂಡನ ಹಾಗೇ ಕಾಣುತ್ತಿದ್ದಳು, ಅವನ ಹಾಗೇ ಗಂಟೆಗಟ್ಟಲೆ ಸುಮ್ಮನಿರುತ್ತಿದ್ದಳು.

ದಿನ ಕಳೆದಂತೆ ಪೆಪ್ಪರ್‌ಮಿಂಟಿನ ಅಗತ್ಯವೂ ಕಡಿಮೆಯಾಯಿತು. ಎಲೆಯ ಮೇಲೆ ಹುಳು ಹರಿಯುವ ಸದ್ದು, ಗೂಬೆ ರೆಕ್ಕೆ ಬಿಚ್ಚುವ ಮುಂಚೆ ಕೊಂಬೆ ಅಲುಗುವ ಸದ್ದು, ಒಂದೊಂದೇ ಅವಳ ಕಿವಿಗೆ ಬೀಳತೊಡಗಿತು. ಮೊದಲ ವಾರದ ಜೀಪು ಬಂತು, ಹೋಯಿತು. ನಾದಿನಿ ಸೋತಳು. ಇಷ್ಟು ಸುಖವಾಗಿ ತಾನು ಎಂದೂ ಇರಲಿಲ್ಲ ಎಂದು ಮೈಕಮ್ಮನಿಗೆ ಅನ್ನಿಸಿತು, ಅದು ನಿಜವೂ ಆಗಿತ್ತು.

ಚಿಂತೆ ಇದ್ದದ್ದು ಒಂದೇ. ಆ ಕಣಿವೆಯಲ್ಲಿ ಕೊಂಬಿನ ಗೂಬೆ ಇದೆ ಎಂದು ಹಳಬರು ಹೇಳುತ್ತಿದ್ದರು. ಮೊಣಕೈಯುದ್ದದ, ತಲೆಯ ಮೇಲೆ ಎರಡು ಗರಿಯ ಕೊಂಬಿರುವ ದೊಡ್ಡ ಹಕ್ಕಿ. ಅದು ಇದೆ ಎಂದು ಸಾಬೀತಾದರೆ ಸಮೀಕ್ಷೆ ವರ್ಷ ವರ್ಷ ನಡೆಯುತ್ತದೆ, ಇಲ್ಲವಾದರೆ ಈ ಸಲಕ್ಕೇ ಡೇರೆ ಮಡಚಬೇಕು ಎಂದು ಮೇಲಿನ ಕಚೇರಿ ಹೇಳಿತ್ತು. ಮೈಕಮ್ಮ ಬರುವ ವರ್ಷವೂ ಬರುವುದೆಂದು ಮನಸ್ಸಿನಲ್ಲೇ ನಿರ್ಧರಿಸಿ ಆಗಿತ್ತು. ಮರಳಿ ಹೋಗಿ ಆ ಕಿಟಕಿಯ ಬಳಿ ಕಂಪ್ಯೂಟರಿನ ಧ್ವನಿ ಕೇಳುತ್ತಾ ಕೂರುವುದನ್ನು ನೆನೆದರೆ ಎದೆ ಭಾರವಾಗುತ್ತಿತ್ತು. ಆದರೆ ದಿನಗಳು ಮುಗಿಯುತ್ತಾ ಬಂದರೂ ಕೊಂಬಿನ ಗೂಬೆಯ ಸುಳಿವಿಲ್ಲ.

ಕಾಡಿನಲ್ಲಿ ಅಲ್ಲಲ್ಲಿ ಮರಕ್ಕೆ ಕಟ್ಟಿದ ಸಣ್ಣ ಯಂತ್ರಗಳಿದ್ದವು. ಮನುಷ್ಯರು ಮಲಗಿದ ಮೇಲೆ ಕೇಳುವ ಕೆಲಸ ಅವುಗಳದ್ದು, ರಾತ್ರಿಯ ಸದ್ದನ್ನೆಲ್ಲ ತುಂಬಿಕೊಳ್ಳುತ್ತಿದ್ದವು. ನಾಲ್ಕನೇ ಯಂತ್ರ ಕಲ್ಲುಮನೆಯ ಹಿಂದಿನ ಮರದಲ್ಲಿತ್ತು, ಅದರ ಬ್ಯಾಟರಿ ಬದಲಿಸುವುದು ಮೈಕಮ್ಮನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಅದರ ಸದ್ದನ್ನು ಕೇಳುತ್ತಿದ್ದ ಮೇಡಂ ಸಟ್ಟನೆ ಕೈಯೆತ್ತಿ ಎಲ್ಲರನ್ನೂ ಕರೆದಳು. ಒಬ್ಬೊಬ್ಬರಾಗಿ ಹೆಡ್‌ಫೋನು ಹಾಕಿಕೊಂಡು ಕೇಳಿದರು. ಆಳವಾದ, ಕೊರಕಲಿನಿಂದ ಎದ್ದು ಬಂದಂಥ ಒಂದು ದೀರ್ಘ ಗರ್ಜನೆ, ನಡುವೆ ಬಿಡುವು, ಕೊನೆಯಲ್ಲಿ ತೆಳ್ಳಗೆ ಒಂದು ಸೀಟಿ. ಮತ್ತೆ ಗರ್ಜನೆ.

ಇಂಥ ಕೂಗು ತಾನು ಎಲ್ಲಿಯೂ ಕೇಳಿಲ್ಲ ಎಂದಳು ಮೇಡಂ. ಹಿಂದಿನ ನಾಲ್ಕೈದು ರಾತ್ರಿಯದನ್ನು ತೆಗೆದು ನೋಡಿದರೆ ಅಲ್ಲೂ ಇತ್ತು. ಮರಿಗಳಿರುವಾಗ ಕೊಂಬಿನ ಗೂಬೆ ಹೊರಡಿಸುವ, ಯಾರೂ ದಾಖಲಿಸದ ಸದ್ದಿರಬಹುದೇ ಎಂದು ಅವಳ ಕಣ್ಣು ಹೊಳೆಯಿತು. ಯಂತ್ರ ಕಟ್ಟಿದಾಗ ಕಲ್ಲುಮನೆ ಖಾಲಿಯಿತ್ತು, ಆಮೇಲೆ ಖಾಲಿಯಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಗೂಬೆ ಹುಡುಕುವವರಿಗೆ ಸದ್ದೆಲ್ಲ ಗೂಬೆಯದೇ. ಶನಿವಾರದ ಜೀಪಿನಲ್ಲಿ ಕಚೇರಿಗೆ ವರದಿ ಕಳಿಸುವುದೆಂದು ತೀರ್ಮಾನವಾಯಿತು. ನಾಲ್ಕನೇ ಯಂತ್ರ ತನ್ನದಾದ್ದರಿಂದ ಗೂಬೆಯೂ ತನ್ನದೇ ಎಂಬಂತೆ ಮೈಕಮ್ಮ ಇಡೀ ದಿನ ಬೀಗಿದಳು.

ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕಣಿವೆಯ ಮೇಲಿನ ಒಂದೇ ಬಂಡೆಯ ನೆತ್ತಿಯಲ್ಲಿ. ಮಧ್ಯಾಹ್ನ ಏದುಸಿರು ಬಿಡುತ್ತಾ ಅಲ್ಲಿಗೆ ಹತ್ತಿ, ತನ್ನ ಫೋನಿಗೆ ಹಾಕಿಸಿಕೊಂಡಿದ್ದ ಆ ಕೂಗನ್ನು ಗಂಡನಿಗೆ ಕಳಿಸಿದಳು. ನಾದಿನಿಗೂ ಕೇಳಿಸಿ ಎಂದು ಬರೆದಳು. ಸ್ವಲ್ಪ ಹೊತ್ತಿಗೆ ತಾನೇ ಫೋನು ಮಾಡಿದಳು.

"ಹೆಂಗಿದೆ ನನ್ನ ಗೂಬೆ?"

ಆ ಕಡೆಯಿಂದ ನಗು ಕೇಳಿಸಿತು. ಗಂಡ ಹೀಗೆ ನಕ್ಕದ್ದನ್ನು ಅವಳು ಮಗಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಅದ್ಯಾಕೆ ಹಂಗೆ ನಗ್ತೀರಾ?"

"ಈ ಗೂಬೆ ಪಕ್ಕದಲ್ಲಿ ನಾನು ಮೂವತ್ತೈದು ವರ್ಷ ಮಲಗಿದೀನಿ ಕಣೇ."

ಮೈಕಮ್ಮ ಫೋನು ಕತ್ತರಿಸಿದಳು. ಹೊಟ್ಟೆಕಿಚ್ಚಿನ ಮಾತು, ಹಳೇ ಕೇಸು ಗೆಲ್ಲಲು ನೋಡುತ್ತಿದ್ದಾನೆ ಎಂದು ಬಯ್ದುಕೊಂಡಳು. ಬಯ್ದುಕೊಳ್ಳುತ್ತಲೇ ಫೋನನ್ನು ಕಿವಿಗೆ ಹಿಡಿದು ಆ ಕೂಗನ್ನು ಇನ್ನೊಮ್ಮೆ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈ ಮೂಗಿಗೆ ಹೋಯಿತು. ಇಷ್ಟು ದಿನ ಕೇಳುವುದನ್ನು ಕಲಿತ ಕಿವಿ ಈಗ ಸುಳ್ಳು ಹೇಳಲೊಲ್ಲದು. ಒಲೆಯ ಹೊಗೆಕೊಳವೆಯ ಬಾಯಿ ಯಂತ್ರ ಕಟ್ಟಿದ ಮರದ ಕಡೆಗೇ ಇತ್ತು. ತಗಡಿನ ಕೊಳವೆಯಲ್ಲಿ ಹಾದು ಬಂದರೆ ಇಲಿಯ ಕೀಚಲೂ ಹುಲಿಯ ಗರ್ಜನೆಯಾಗಬೇಕು.

ಬಂಡೆಯ ಮೇಲೆ ಅವಳು ತುಂಬಾ ಹೊತ್ತು ಕೂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಗೊತ್ತಿದ್ದವನು ಗಂಡನೊಬ್ಬ, ಆತ ಬಾಯಿಬಿಡುವ ಪೈಕಿಯಲ್ಲ. ವರದಿ ಹೋಗುತ್ತದೆ, ಸಮೀಕ್ಷೆ ಉಳಿಯುತ್ತದೆ, ಬರುವ ವರ್ಷ ತಾನೂ ಬರಬಹುದು. ಹೇಳಿದರೆ ಡೇರೆ ಮಡಚಿದಂತೆಯೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ತನ್ನದಂತೂ ಗೊರಕೆಗೆ ಹೋಗುತ್ತದೆ. ಆದರೆ ಮೇಡಂ ಹೆಡ್‌ಫೋನು ಹಿಡಿದು ಕಣ್ಣರಳಿಸಿದ್ದು ನೆನಪಾಯಿತು. ನಾಳೆ ದೊಡ್ಡವರ ಮುಂದೆ ಅವಳು ನಗೆಪಾಟಲಾಗುವುದನ್ನು ಊಹಿಸಿಕೊಂಡಳು. ಎದ್ದು ಕೆಳಗಿಳಿದಳು.

ಮೇಡಂ ಮೇಜಿನ ಮುಂದೆ ವರದಿ ಬರೆಯುತ್ತಿದ್ದಳು. ಮೂವತ್ತು ವರ್ಷ ಮೈಕಿನಲ್ಲಿ ತಡವರಿಸದ ಬಾಯಿ ಅಂದು ತಡವರಿಸಿತು.

"ಮೇಡಂ, ಅದನ್ನ ಬರೀಬೇಡಿ. ಅದು ಗೂಬೆ ಅಲ್ಲ. ನಾನು."

ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ವಿದ್ಯಾರ್ಥಿಗಳಿಬ್ಬರೂ ತೊರೆಯ ಕಡೆ ಮುಖ ಮಾಡಿ ಭುಜ ಕುಣಿಸಿದರು. ಮೇಡಂನ ಮುಖ ಮೊದಲು ಬಾಡಿತು, ಆಮೇಲೆ ತುಟಿ ಅದುರಿತು, ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು ಕಣ್ಣೀರು ಬರುವ ತನಕ ನಕ್ಕಳು. ಮೈಕಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಆದರೆ ಮೇಡಂ ಬರೀ ನಕ್ಕು ಬಿಡುವವಳಲ್ಲ. ಕಣ್ಣೊರೆಸಿಕೊಂಡು ಮತ್ತೆ ಹೆಡ್‌ಫೋನು ಹಾಕಿದಳು. ಗೊರಕೆಯನ್ನು ಗೊರಕೆ ಎಂದು ಬದಿಗಿಟ್ಟ ಮೇಲೆ ಉಳಿದದ್ದೇನು ಎಂದು ಕೇಳುತ್ತಾ ಹೋದಳು. ಸಂಜೆಯ ಟೀ ಆರಿ ತಣ್ಣಗಾದ ಮೇಲೆ ತಲೆಯೆತ್ತಿದಳು.

"ಅಮ್ಮಾ, ನೀವು ಉಸಿರು ಬಿಟ್ಟು ತಗೊಳ್ಳೋ ಮಧ್ಯೆ ಯಾರೋ ಉತ್ತರ ಕೊಡ್ತಿದ್ದಾರೆ."

ಕೇಳಿದರೆ ಹೌದು. ಸೀಟಿ ಮುಗಿದ ಬಿಡುವಿನಲ್ಲಿ, ಬಹಳ ದೂರದಿಂದ, ಎರಡೇ ಎರಡು ತಗ್ಗಿದ ಸ್ವರ: ಬೂ, ಹೂ. ಅದು ಕೊಂಬಿನ ಗೂಬೆಯೇ ಎಂಬುದರಲ್ಲಿ ಮೇಡಂಗೆ ಅನುಮಾನವಿರಲಿಲ್ಲ. ಮರಿ ಮಾಡಿದ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿರುವ ಹಕ್ಕಿ ತನ್ನ ಕಣಿವೆಗೆ ಎದುರಾಳಿಯೊಬ್ಬ ಬಂದಿದ್ದಾನೆ ಎಂದು ತಿಳಿದು ಎಚ್ಚರಿಕೆ ಕೊಡುತ್ತಿತ್ತು. ಆದರೆ ಅಷ್ಟು ಕ್ಷೀಣವಾದ ದನಿ ಸಾಕ್ಷಿಗೆ ಸಾಲದು, ಹಕ್ಕಿಯನ್ನು ಕಣ್ಣಾರೆ ಕಾಣಬೇಕು. ಇಬ್ಬರು ಎರಡು ಜಾಗದಲ್ಲಿ ನಿಂತು, ಕೂಗು ಬಂದ ಕಡೆಗೆ ದಿಕ್ಸೂಚಿ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಗೂಡು. ಅದಕ್ಕೆ ಗೂಬೆ ಇನ್ನೊಮ್ಮೆ ಕೂಗಬೇಕು. ಯಂತ್ರದಿಂದ ಯಾವ ಸದ್ದನ್ನೂ ನುಡಿಸಬಾರದು ಎಂದು ಅನುಮತಿಪತ್ರದಲ್ಲಿತ್ತು. ಮಲಗಬಾರದು ಎಂದು ಎಲ್ಲೂ ಇರಲಿಲ್ಲ.

ಹೀಗೆ ಮೈಕಮ್ಮನಿಗೆ ಅಧಿಕೃತವಾಗಿ ನಿದ್ದೆ ಮಾಡುವ ಕೆಲಸ ಬಿತ್ತು. ಜಪ್ಪಯ್ಯ ಎಂದರೂ ನಿದ್ದೆ ಬರಲಿಲ್ಲ. ಕಲ್ಲುಮನೆಯ ಹೊರಗೆ ದಿಕ್ಸೂಚಿ ಹಿಡಿದು, ಕಂಬಳಿ ಹೊದ್ದು, ತನ್ನ ಗೊರಕೆಗಾಗಿ ಕಾಯುತ್ತಿರುವವರನ್ನು ನೆನೆದರೆ ಕಣ್ಣು ಮುಚ್ಚುವುದೆಂತು? ಎರಡು ರಾತ್ರಿ ಹಾಗೇ ಕಳೆದವು. ಬಂಡೆ ಹತ್ತಿ ಗಂಡನಿಗೆ ಫೋನು ಮಾಡಿ, ಎಷ್ಟೋ ವರ್ಷದಲ್ಲಿ ಮೊದಲ ಬಾರಿಗೆ ತಾನು ಹೊಡೆಯುವುದು ಹೌದು ಎಂದು ಒಪ್ಪಿಕೊಂಡಳು, ಈಗ ಬೇಕಾದಾಗ ಬರುತ್ತಿಲ್ಲ ಎಂದು ಅಲವತ್ತುಕೊಂಡಳು. ಆತ ಹ್ಞೂಂ ಎಂದ.

ಶನಿವಾರದ ಜೀಪಿನಲ್ಲಿ ಅಕ್ಕಿ, ಬ್ಯಾಟರಿಗಳ ನಡುವೆ ಗಡಿಯಾರದ ಮನುಷ್ಯನೂ ಕೂತಿದ್ದ. ಅಂಗಡಿಗೆ ಬೀಗ ಹಾಕಿ ಬಂದಿದ್ದ. ಅದು ಅವನ ಜಾಯಮಾನದಲ್ಲೇ ಇಲ್ಲದ್ದು. ನಾಚಿಕೆಯಿಂದ ಎಲ್ಲರಿಗೂ ತಲೆಬಾಗಿಸಿ, ಆ ಧ್ವನಿಯನ್ನು ಸರಿಯಾಗಿ ಕೇಳಬೇಕು ಎಂದ. ಹೆಡ್‌ಫೋನು ಹಾಕಿಕೊಂಡು, ಕೆಟ್ಟ ಗಡಿಯಾರಕ್ಕೆ ಕಿವಿಗೊಡುವವನ ಹಾಗೆ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಅವನು ಆಡಿದ್ದು ಅವನ ಜೀವಮಾನದ ಅತಿ ಉದ್ದದ ಭಾಷಣ.

"ಇವಳ ಗೊರಕೆ ಎರಡು ಥರ ಇದೆ ಮೇಡಂ. ದಣಿದು ಮಲಗಿದಾಗ ಗರಗಸ ಎಳೆದ ಹಾಗೆ, ಅಷ್ಟೇ. ಖುಷಿಯಾಗಿ ಮಲಗಿದ್ರೆ ಹೀಗೆ, ಕೊನೇಲಿ ಸೀಟಿ ಬರುತ್ತೆ. ಆ ಸೀಟಿ ಕೇಳಿ ಬಹಳ ವರ್ಷ ಆಗಿತ್ತು."

ಇಷ್ಟು ವರ್ಷ ಆತ ದೂರು ಹೇಳುತ್ತಿದ್ದಾನೆ ಎಂದೇ ಮೈಕಮ್ಮ ತಿಳಿದಿದ್ದಳು.

ಆ ಗೊರಕೆಯನ್ನು ಅನುಕರಿಸಲು ತನಗೆ ಬರುತ್ತದೆ, ಒಂದು ಸಲ ಪ್ರಯತ್ನಿಸಲೇ ಎಂದು ಆತ ಕೇಳಿದ. ಒಂದೇ ಸಲ, ಅದೂ ಚುಟುಕಾಗಿ, ಮರಿಗಳಿರುವ ಹಕ್ಕಿಯನ್ನು ಹೆಚ್ಚು ಕೆಣಕಬಾರದು ಎಂದು ಮೇಡಂ ಒಪ್ಪಿದಳು. ಹೊತ್ತು ಮುಳುಗುವಾಗ ಮೇಡಂ ಮತ್ತು ಹುಡುಗ ಕಣಿವೆಯ ಅಂಚಿನ ಒಂದು ಕಡೆ, ಮೈಕಮ್ಮ ಮತ್ತು ಹುಡುಗಿ ಇನ್ನೊಂದು ಕಡೆ ದಿಕ್ಸೂಚಿ ಹಿಡಿದು ಕೂತರು. ಜನರ ಮುಂದೆ ಆಗದೆಂದು ಆತ ಕಲ್ಲುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಆರಿದ ಒಲೆಯ ಬಾಯಿಗೆ ಮುಖವಿಟ್ಟ. ಹೊಗೆಕೊಳವೆಯಿಂದ ಎದ್ದಿತು ನೋಡಿ ಆ ಗರ್ಜನೆ. ಏರಿತು, ನಿಂತಿತು, ಇಳಿದು ಸೀಟಿಯಾಯಿತು. ಒಂದು ಎಳೆಯೂ ತಪ್ಪಲಿಲ್ಲ. ಪಕ್ಕದ ಹುಡುಗಿ ಬಾಯಿಗೆ ಸ್ಕಾರ್ಫು ತುರುಕಿಕೊಂಡಳು. ಮೈಕಮ್ಮ ಮಾತ್ರ ನಗಲಿಲ್ಲ. ಕತ್ತಲಾಗುವ ಕಣಿವೆಯ ಮೇಲೆ ತನ್ನದೇ ಸುಖದ ಸದ್ದು ಗಂಡನ ಬಾಯಲ್ಲಿ ಹಾದುಹೋಗುವುದನ್ನು ಉಸಿರು ಬಿಗಿಹಿಡಿದು ಕೇಳಿದಳು.

ಎದುರು ದಿಬ್ಬದಿಂದ ಉತ್ತರ ಬಂತು. ಬೂ, ಹೂ. ಸ್ಪಷ್ಟವಾಗಿ, ಸಿಟ್ಟಿನಿಂದ, ಎರಡು ಸಲ.

ಗೆರೆಗಳು ಕೂಡಿದ್ದು ಒಂದು ಸೀಳುಬಂಡೆಯ ಬಳಿ. ಭಾನುವಾರ ಬೆಳಿಗ್ಗೆ ದೂರದಲ್ಲೇ ನಿಂತು ದುರ್ಬೀನಿನಲ್ಲಿ ನೋಡಿದರು. ಬಂಡೆಯ ಬಣ್ಣದ್ದೇ ಆದ ದೊಡ್ಡ ಹಕ್ಕಿ, ಕಿತ್ತಳೆ ಕಣ್ಣು ಅರೆ ಮುಚ್ಚಿ, ಕೊಂಬುಗಳನ್ನು ನೆಟ್ಟಗೆ ನಿಲ್ಲಿಸಿ ಕೂತಿತ್ತು. ಅದರ ಹಿಂದೆ ಬೂದುಬಣ್ಣದ ಎರಡು ಮರಿಗಳು, ಒಂದು ಆಕಳಿಸುತ್ತಿತ್ತು. ಮೇಡಂ ಚಿತ್ರಗಳನ್ನು ತೆಗೆದಳು. ಅವಸರಕ್ಕೆ ಮೊದಲನೆಯದು ಕೆಟ್ಟಿತು, ಉಳಿದವು ಚೆನ್ನಾಗಿ ಬಂದವು. ಹಿಂದಿರುಗುವ ದಾರಿಯಲ್ಲಿ ಅವಳು ಮೈಕಮ್ಮನ ಕೈ ಹಿಡಿದುಕೊಂಡು, ಬರೋ ವರ್ಷ ಕಲ್ಲುಮನೆ ನಿಮಗೇ ಎಂದಳು. ದಾಖಲೆಯಲ್ಲಿ ಗೊರಕೆಯ ವಿಷಯ ಬರೆಯಲೇಬೇಕಾಗುತ್ತದೆ, ಬೇಜಾರಿಲ್ಲ ತಾನೇ ಎಂದು ಕೇಳಿದ್ದಕ್ಕೆ, ದೊಡ್ಡ ಅಕ್ಷರದಲ್ಲಿ ಬರೆಯಿರಿ, ನನ್ನ ನಾದಿನಿಗೂ ಒಂದು ಪ್ರತಿ ಕಳಿಸಿ ಎಂದಳು ಮೈಕಮ್ಮ.

ಮರುದಿನ ಬೆಳಿಗ್ಗೆ ಜೀಪು ಹೊರಡಲು ಸಿದ್ಧವಾಗಿತ್ತು. ಗಂಡ ಕಲ್ಲುಮನೆಯ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಮೈಕಮ್ಮ ಟೀ ಲೋಟ ತಂದು ಪಕ್ಕದಲ್ಲಿಟ್ಟಳು. ಹತ್ತಿರದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ರೀ, ರಾತ್ರಿ ನಾನು ಯಾವುದು ಹೊಡೆದೆ?"

"ಸೀಟೀದು," ಎಂದ ಆತ, ಲೇಸಿನಿಂದ ಕಣ್ಣೆತ್ತದೆ. "ಬೆಳಗಾಗೋವರೆಗೂ."

"ನಿಮ್ಮ ನಿದ್ದೆ ಕೆಡ್ತಾ?"

"ಇಲ್ಲ. ಕೇಳ್ತಾ ಇದ್ದೆ."